ಹಾಲಿಲ್ಲದ ಪನೀರ್, ಎಣ್ಣೆಗಾಯಿ ಮಸಾಲೆ: ಕಡಲೆ ಹಿಟ್ಟಿನ ಗಟ್ಟಿ ಮಾಡಿದ್ದು ಹೀಗೆ

ಬೇಕಾಗಿದ್ದು ಇಷ್ಟು. ಜೋಳದ ರೊಟ್ಟಿ ಜೊತೆ ತಾಟಿನ ನಡುವೆ ಕೂರುವಂಥ ಒಂದು ಮುಖ್ಯ ಪದಾರ್ಥ. ಅದರಲ್ಲಿ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಯಾವುದೂ ಇರಬಾರದು. ತುಂಡು ತುಂಡಾಗಿ ಇರಬೇಕು, ಮಸಾಲೆಯಲ್ಲಿ ಬಿದ್ದರೂ ಕರಗಬಾರದು, ಕಚ್ಚಿದರೆ ಹಲ್ಲಿಗೆ ಸ್ವಲ್ಪ ಸಿಗಬೇಕು. ಸಾಮಾನೆಲ್ಲ ವಿಜಯಪುರದ ಬಜಾರಿನಲ್ಲೇ ಸಿಗಬೇಕು. ಆನ್‌ಲೈನ್‌ನಲ್ಲಿ ತರಿಸಿ, ಡಬ್ಬಿ ಬರೋವರೆಗೆ ಕಾದು ಕೂರೋ ಬಾಬತ್ತು ಬೇಡ.

ಇದಕ್ಕೆಲ್ಲ ಕಾರಣ ತಂಗಿಯ ಮಗಳು. ಪುಣೆಯಲ್ಲಿ ಓದುತ್ತಾಳೆ, ಅಲ್ಲೇ ವೀಗನ್ ಆಗಿದ್ದಾಳೆ, ಅಂದರೆ ಪ್ರಾಣಿಗಳಿಂದ ಬರೋದು ಏನನ್ನೂ ತಿನ್ನೋದಿಲ್ಲ. ರಜೆಗೆ ನಮ್ಮ ಮನೆಗೆ ಬರುತ್ತೇನೆ ಅಂದಾಗ ನಮ್ಮವ್ವನಿಗೆ ಒಂದೇ ಚಿಂತೆ: "ಹಾಲಿಲ್ಲ, ಮೊಸರಿಲ್ಲ ಅಂದ್ರ ಆ ಕೂಸಿಗೆ ಏನ್ ಹಾಕೂದಪಾ?"

ನಿಜ ಹೇಳಬೇಕೆಂದರೆ ನಮ್ಮ ಕಡೆ ಊಟದಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಲು ಮುಟ್ಟದ್ದೇ ಇದೆ. ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಮಡಿಕೆಕಾಳಿನ ಉಸುಳಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಮೆಣಸಿನ ರಂಜಕ. ಹಾಲಿನ ಸಾಮಾನು ಬರೋದು ಆಮೇಲೆ, ಮೇಲಿನಿಂದ. ಶೇಂಗಾ ಹಿಂಡಿಗೆ ಒಂದು ಚಮಚ ಮೊಸರು, ಬಿಸಿ ರೊಟ್ಟಿಗೆ ಬೆಣ್ಣೆ, ಹೋಳಿಗೆಗೆ ತುಪ್ಪ, ಕೊನೆಗೆ ಮಜ್ಜಿಗೆ. ಅವನ್ನು ಬಿಟ್ಟರೂ ಹೊಟ್ಟೆ ತುಂಬುತ್ತದೆ. ಆದರೆ ಮನೆಗೆ ಯಾರಾದರೂ ಬಂದಾಗ 'ಸ್ಪೆಷಲ್' ಅಂತ ಮಾಡೋದು ಈಗ ಪನೀರ್ ಆಗಿಬಿಟ್ಟಿದೆ ಅಲ್ವಾ, ಆ ಜಾಗ ಮಾತ್ರ ಖಾಲಿ ಉಳಿಯುತ್ತದೆ. ನಾನು ತುಂಬಬೇಕಾಗಿದ್ದು ಅದನ್ನು.

ಸೋಯಾ ತೋಫು ನಮ್ಮಲ್ಲಿ ದೊಡ್ಡ ಅಂಗಡಿಗಳಲ್ಲಿ ಒಮ್ಮೊಮ್ಮೆ ಸಿಗುತ್ತದೆ, ಒಮ್ಮೊಮ್ಮೆ ಇಲ್ಲ. ಸಿಕ್ಕರೂ ಅವ್ವ ಅದನ್ನು ಬಾಯಿಗೆ ಇಡೋದಿಲ್ಲ. ಕಡಲೆ ಹಾಗಲ್ಲ. ಅದು ನಮ್ಮ ಎರೆ ಹೊಲದ ಹಿಂಗಾರಿ ಬೆಳೆ. ಅಕ್ಟೋಬರ್ ಸುಮಾರಿಗೆ ಬಿತ್ತಿದರೆ ನೆಲದಲ್ಲಿ ಉಳಿದ ಹಸಿಯಲ್ಲೇ, ಚಳಿಯಲ್ಲೇ ಬೆಳೆದುಬಿಡುತ್ತದೆ. ಜೆಜಿ-11, ಅಣ್ಣಿಗೇರಿ-1 ಅಂತ ತಳಿ ಹೆಸರು ಹೇಳಿದರೆ ಇಲ್ಲಿ ಹೊಲ ಇರುವ ಯಾರಿಗಾದರೂ ಗೊತ್ತು. ಹಸಿ ಸುಲಗಾಯಿಯಿಂದ ಹಿಡಿದು ಹೋಳಿಗೆ ಹೂರಣದವರೆಗೆ ಕಡಲೆ ಇಲ್ಲದೆ ನಮ್ಮ ವರ್ಷ ಮುಗಿಯೋದಿಲ್ಲ. ಹಾಗಾಗಿ ಕಡಲೆಯಿಂದಲೇ ಪನೀರಿನಂಥ ಗಟ್ಟಿ ಮಾಡಬೇಕು ಅಂತ ನಿಕ್ಕಿ ಆಯಿತು.

ಇಡೀ ಕಾಳಿನಿಂದ ಮಾಡಿದ್ದು

ಮೊದಲು ಕಾಬೂಲಿ ಕಡಲೆ ತಂದೆ. 200 ಗ್ರಾಂ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದೆ. ತೆಳು ಪಂಚೆ ಬಟ್ಟೆಯಲ್ಲಿ ಸೋಸಿ ಹಿಂಡಿದರೆ ಕೆನೆ ಬಣ್ಣದ ಹಾಲು ಬರುತ್ತದೆ. ಅದನ್ನು ಒಲೆ ಮೇಲಿಟ್ಟು ತಿರುವುತ್ತಾ ಹೋದರೆ ಐದಾರು ನಿಮಿಷ ಏನೂ ಆಗೋದಿಲ್ಲ, ನೀರು ನೀರಾಗಿಯೇ ಇರುತ್ತದೆ. ಆಮೇಲೆ ಒಮ್ಮೆಲೇ ದಪ್ಪ ಆಗುತ್ತದೆ. ಆಗ ಫೋನ್ ಬಂದರೂ ಎತ್ತಬಾರದು, ತಳ ಹಿಡಿಯುತ್ತದೆ.

ಬಂದ ಗಟ್ಟಿ ಚೆನ್ನಾಗಿತ್ತು. ಬಿಳಿ ಬಣ್ಣ, ನವಿರು, ಸ್ವಲ್ಪ ಸಿಹಿ. ಪನೀರ್ ಅಂತ ದೂರದಿಂದ ನೋಡಿದವರು ನಂಬಬಹುದು. ಆದರೆ ತುಂಬಾ ಮೆತ್ತಗಿತ್ತು. ಹೆಂಚಿನ ಮೇಲೆ ಹಾಕಿ ತಿರುವಿದರೆ ಮೂಲೆ ಮುರಿಯುತ್ತದೆ. ಬಟ್ಟೆಯಲ್ಲಿ ಉಳಿದ ಗಸಿಯಲ್ಲಿ ಅರ್ಧ ಕಡಲೆ ಹೋಗಿರುತ್ತದಲ್ಲ, ಅದಕ್ಕೇ ಹಾಗೆ. ಗಸಿಗೆ ಹಸಿಮೆಣಸು, ಉಳ್ಳಾಗಡ್ಡಿ, ಜೀರಿಗೆ ಸೇರಿಸಿ ವಡೆ ತಟ್ಟಿದೆವು, ಅದೇನೂ ಹಾಳಾಗಲಿಲ್ಲ. ಆದರೆ ನೆನೆಸು, ರುಬ್ಬು, ಸೋಸು, ಹಿಂಡು, ಮಿಕ್ಸಿ ತೊಳೆ, ಬಟ್ಟೆ ತೊಳೆ. ಇಷ್ಟು ಮಾಡಿ ಸಿಗೋದು ಒಂದು ಸಣ್ಣ ಡಬ್ಬಿ. ದಿನದ ಅಡುಗೆಗೆ ಇದು ಆಗೋ ಮಾತಲ್ಲ. ಹಿಟ್ಟಿನ ದಾರಿಯೇ ವಾಸಿ.

ಹಿಟ್ಟು

ಹಿಟ್ಟಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಪ್ಯಾಕೆಟ್ ಬೇಸನ್‌ನಿಂದಲೂ ಆಗುತ್ತದೆ, ಆಗೋದಿಲ್ಲ ಅಂತಲ್ಲ. ಆದರೆ ಬಿಡಿಯಾಗಿ ಸಿಗುವ ಬೇಸನ್‌ನಲ್ಲಿ ಹಳದಿ ಬಟಾಣಿ ಹಿಟ್ಟು, ಕೆಲವೊಮ್ಮೆ ಕೇಸರಿ ಬೇಳೆ ಹಿಟ್ಟು ಬೆರೆಸೋದು ಹಳೇ ರೋಗ. ಭಜಿಗೆ ಅದು ಗೊತ್ತಾಗೋದಿಲ್ಲ. ಇಲ್ಲಿ ಹಿಟ್ಟೇ ಎಲ್ಲ, ಬೇರೇನೂ ಇಲ್ಲ, ಹಾಗಾಗಿ ಗೊತ್ತಾಗುತ್ತದೆ. ಕಡಲೆಬೇಳೆ ತಂದು, ಒಂದು ದಿನ ಬಿಸಿಲಿಗೆ ಹಾಕಿ, ಗಿರಣಿಗೆ ಒಯ್ದೆ. ನಮ್ಮ ಓಣಿಯ ಗಿರಣಿಯಲ್ಲಿ ಜೋಳದ್ದು, ಗೋಧಿಯದ್ದು ಸರದಿ ನಡೆದೇ ಇರುತ್ತದೆ. ಕಲ್ಲಿನಲ್ಲಿ ಹಿಂದಿನವರ ಹಿಟ್ಟು ಉಳಿದಿರುತ್ತದೆ. ಅದಕ್ಕೇ ಯಾರಾದರೂ ಕಡಲೆ ಬೀಸಿಸಿದ ಮೇಲೆ ನಮ್ಮದು ಹಾಕಿ ಅಂತ ಹೇಳಿ ಕೂತೆ. ಖಾರ ಬೀಸಿದ ಮೇಲೆ ಅಂತೂ ಹಾಕಿಸಲೇಬೇಡಿ. ಸಣ್ಣಗೆ ಬೀಸಿಸಿ, ಮನೆಗೆ ಬಂದು ಜರಡಿ ಹಿಡಿದೆ. ಲಾಡು ಮಾಡೋಕೆ ಬೀಸುವ ದಪ್ಪ ಹಿಟ್ಟು ಇದಕ್ಕೆ ಬೇಡ, ತರಿ ತರಿಯಾಗಿ ಉಳಿಯುತ್ತದೆ.

ಪುಟಾಣಿ, ಅಂದರೆ ಹುರಿಗಡಲೆ ಹಿಟ್ಟಿನಿಂದ ಮಾಡಬಹುದಾ ಅಂತ ಮೈದುನ ಕೇಳಿದ. ಒಂದು ವಾಟಗಾ (ಸಣ್ಣ ಬಟ್ಟಲು) ಹಾಕಿ ನೋಡಿದೆ. ಸಾರು ದಪ್ಪ ಮಾಡೋಕೆ ಪುಟಾಣಿ ಒಳ್ಳೇದು, ಗಟ್ಟಿ ಹಿಡಿಯೋಕೆ ಅಲ್ಲ. ಹುರಿದು ಅರಳಿಸಿದಾಗಲೇ ಅದರ ಪಿಷ್ಟ ಬೆಂದು ಮುಗಿದಿರುತ್ತದೆ. ಮುದ್ದೆಯಾಗಿ ಕೂತಿತು, ಚಾಕು ಹಾಕಿದರೆ ಚಾಕುವಿಗೇ ಮೆತ್ತಿತು.

ಗಟ್ಟಿ ಹಿಡಿಯೋದು ಯಾಕೆ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ತಲೆಗೆ ಹೋದರೆ ಅಳತೆ ತಾನಾಗೇ ಸರಿಹೋಗುತ್ತದೆ.

ಹಾಲನ್ನು ಒಡೆಸಿ ಪನೀರ್ ಮಾಡುವಾಗ ಲಿಂಬೆ ಹಿಂಡುತ್ತೇವೆ. ಸೋಯಾ ಹಾಲಿನಿಂದ ತೋಫು ಮಾಡುವವರು ಕ್ಯಾಲ್ಸಿಯಂ ಸಲ್ಫೇಟ್ ಇಲ್ಲವೇ ಮೆಗ್ನೀಸಿಯಂ ಕ್ಲೋರೈಡ್ ಹಾಕುತ್ತಾರೆ. ಎರಡರಲ್ಲೂ ಒಟ್ಟುಗೂಡೋದು ಪ್ರೋಟೀನ್. ನೀರು ಹೊರಗೆ ಹೋಗುತ್ತದೆ, ಮೇಲೆ ಭಾರ ಇಟ್ಟು ಹಿಂಡಬೇಕು. ಕಡಲೆಯ ಲೆಕ್ಕ ಬೇರೆ. ಸೋಯಾದಲ್ಲಿ ಪಿಷ್ಟ ಬಹಳ ಕಡಿಮೆ, ಕಡಲೆಯಲ್ಲಿ ಹೆಚ್ಚುಕಮ್ಮಿ 40 ಪರ್ಸೆಂಟ್ ಪಿಷ್ಟವೇ. ನೀರಿನಲ್ಲಿ ಕಲಸಿ ಕಾಯಿಸಿದರೆ 65ರಿಂದ 75 ಡಿಗ್ರಿ ಸುಮಾರಿಗೆ ಆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಡೆಯುತ್ತವೆ, ಆ ನೀರನ್ನೆಲ್ಲ ಹಿಡಿದುಕೊಳ್ಳುತ್ತವೆ. ಆರಿದ ಮೇಲೆ ಮತ್ತೆ ಒಂದಕ್ಕೊಂದು ಹೆಣೆದುಕೊಂಡು ಬಿಗಿಯಾಗುತ್ತವೆ. ಅಂದರೆ ಒಡೆಸೋದು ಬೇಡ, ಹಿಂಡೋದು ಬೇಡ, ಭಾರ ಹೇರೋದೂ ಬೇಡ.

ಆದರೂ ಸುಮ್ನೆ ಪರೀಕ್ಷೆ ಮಾಡೋಣ ಅಂತ ಒಂದೇ ಹಿಟ್ಟನ್ನು ಎರಡು ಪಾತ್ರೆಗೆ ಹಂಚಿ, ಒಂದಕ್ಕೆ ಲಿಂಬೆರಸ ಹಾಕಿದೆ, ಇನ್ನೊಂದಕ್ಕೆ ಇಲ್ಲ. ಎರಡೂ ಒಂದೇ ರೀತಿ ಗಟ್ಟಿಯಾದವು. ಲಿಂಬೆ ಹಾಕಿದ್ದು ಹುಳಿ ಆಗಿತ್ತು, ಅಷ್ಟೇ ವ್ಯತ್ಯಾಸ.

ಈ ವಿದ್ಯೆ ಹೊಸದೇನೂ ಅಲ್ಲ. ಮ್ಯಾನ್ಮಾರ್‌ನ ಶಾನ್ ಜನ ಕಡಲೆ ಹಿಟ್ಟಿನ ತೋಫುವನ್ನು ಹೀಗೇ ಮಾಡುತ್ತಾರೆ. ಫ್ರಾನ್ಸಿನ ನೀಸ್, ಮಾರ್ಸೇ ಕಡೆ ಇದನ್ನೇ ಹೋಳು ಮಾಡಿ ಕರಿದು ಪನೀಸ್ ಅನ್ನುತ್ತಾರೆ, ಸಿಸಿಲಿಯಲ್ಲಿ ಪನೆಲ್ಲೆ. ಇನ್ನು ನಮ್ಮ ಮನೆಯಲ್ಲಿ? ನಾನು ಒಲೆ ಮುಂದೆ ನಿಂತು ತಿರುವುತ್ತಿದ್ದಾಗ ಅವ್ವ ಬಾಗಿಲಲ್ಲೇ ನಿಂತು ನೋಡಿದಳು. "ಝುಣಕದ ವಡಿ ಮಾಡಾಕ ಇಷ್ಟ್ಯಾಕ ಹಾರಾಡ್ತಿಯೋ? ನೀರ ಜಾಸ್ತಿ ಆತು ನೋಡು."

ಹೌದು, ಕಡಲೆ ಹಿಟ್ಟನ್ನು ಖಾರ ಹಾಕಿ ಬೇಯಿಸಿ, ತಾಟಿಗೆ ಬಡಿದು ಕತ್ತರಿಸುವ ಝುಣಕದ ವಡಿಯೇ. ಅದರ ನೀರು ಹೆಚ್ಚು ಮಾಡಿ, ಖಾರ ಕಡಿಮೆ ಮಾಡಿ, ದಪ್ಪಗೆ ಹೊಯ್ದದ್ದು. ಅಲ್ಲಿಂದ ಮುಂದೆ ಅಳತೆ ಕೇಳೋದಿದ್ದರೆ ಫೋನ್ ನೋಡಲಿಲ್ಲ, ಅವ್ವನನ್ನೇ ಕೇಳಿದೆ.

ನೀರಿನ ಅಳತೆ

ಎಲ್ಲ ಆಟ ಇರೋದು ಇಲ್ಲೇ. ಒಂದು ವಾಟಗಾ ಹಿಟ್ಟಿಗೆ ಒಂದೂವರೆ ವಾಟಗಾ ನೀರು ಹಾಕಿದರೆ ಅವ್ವನ ವಡಿ. ತಾಟಿಗೆ ತೆಳ್ಳಗೆ ಬಡಿದು, ಕೊಬ್ಬರಿ-ಕೊತ್ತಂಬರಿ ಉದುರಿಸಿ, ಶಂಕರಪೋಳಿ ಆಕಾರಕ್ಕೆ ಕತ್ತರಿಸಿ ತಿನ್ನೋಕೆ ಅದು ಸರಿ. ದಪ್ಪ ತುಂಡು ಮಾಡಿದರೆ ಗಂಟಲಲ್ಲಿ ಹಿಡಿಯುತ್ತದೆ, ಒಣ ಒಣ. ಒಂದಕ್ಕೆ ಮೂರು ಹಾಕಿದರೆ ಬಾಯಲ್ಲಿ ಬೆಣ್ಣೆ, ಆದರೆ ಮಸಾಲೆಯಲ್ಲಿ ನಿಲ್ಲೋದಿಲ್ಲ. ಅದನ್ನು ಹಸಿಯಾಗೇ ಹೋಳು ಮಾಡಿ, ಮೇಲೆ ಒಗ್ಗರಣೆ, ಹುಣಸೆ ನೀರು, ಹುರಿದ ಶೇಂಗಾ ಪುಡಿ ಹಾಕಿ ತಿನ್ನಬಹುದು, ಅದು ಬೇರೆ ತಿಂಡಿ. ನನಗೆ ಕೂತದ್ದು ಒಂದಕ್ಕೆ ಎರಡು. ಹಿಟ್ಟು ನೀರಿಗಿಂತ ಹಗುರ, ಹಾಗಾಗಿ ತೂಕದಲ್ಲಿ ಹೇಳಬೇಕೆಂದರೆ 200 ಗ್ರಾಂ ಹಿಟ್ಟಿಗೆ ಸುಮಾರು 800 ಮಿಲಿ ನೀರು. ವಾಟಗಾದಲ್ಲಿ ಹಿಟ್ಟನ್ನು ಒತ್ತಿ ತುಂಬೋರು, ಸಡಿಲಾಗಿ ತುಂಬೋರು ಇಬ್ಬರೂ ಇರುತ್ತಾರೆ, ಹಾಗಾಗಿ ತಕ್ಕಡಿ ಇದ್ದರೆ ತೂಕವೇ ನಂಬಿ.

ಅರ್ಧ ನೀರನ್ನು ತಣ್ಣಗೇ ಇಟ್ಟು ಅದರಲ್ಲಿ ಹಿಟ್ಟು, ಉಪ್ಪು, ಚಿಟಿಕೆ ಅರಿಷಿಣ ಕಲಸಿ, ಗಂಟಿಲ್ಲದ ಹಾಗೆ ಕೈಯಾಡಿಸಿ ಅರ್ಧ ಗಂಟೆ ಬಿಡಿ. ಉಳಿದ ಅರ್ಧ ನೀರನ್ನು ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ, ಸ್ವಲ್ಪ ಅಜವಾನ, ಇಂಗು ಹಾಕಿ ಕುದಿಸಿ. ಅಜವಾನ, ಇಂಗು ರುಚಿಗೆ ಅಂತ ಅಲ್ಲ, ಇಷ್ಟೊಂದು ಕಡಲೆ ತಿಂದ ಹೊಟ್ಟೆ ರಾತ್ರಿ ಸುಮ್ಮನಿರಲಿ ಅಂತ. ಕುದಿಯುವ ನೀರಿಗೆ ಕಲಸಿದ ಹಿಟ್ಟನ್ನು ಒಂದು ಕೈಯಿಂದ ಸುರಿಯುತ್ತಾ ಇನ್ನೊಂದು ಕೈಯಿಂದ ತಿರುವಬೇಕು. ಎಲ್ಲವನ್ನೂ ಮೊದಲೇ ತಣ್ಣೀರಿನಲ್ಲಿ ಕಲಸಿ ಇಟ್ಟರೂ ನಡೆಯುತ್ತದೆ, ಆದರೆ ತಿರುವೋದು ಎರಡು ಪಟ್ಟು ಹೊತ್ತು.

ಒಂದೆರಡು ನಿಮಿಷಕ್ಕೇ ದಪ್ಪ ಆಗುತ್ತದೆ. ಆಗ 'ಆಯ್ತು' ಅಂತ ಇಳಿಸಿಬಿಡಬೇಡಿ. ದಪ್ಪ ಆಗೋದು ಬೇರೆ, ಬೇಯೋದು ಬೇರೆ. ಉರಿ ಸಣ್ಣ ಮಾಡಿ ಹತ್ತು ನಿಮಿಷ ತಿರುವಲೇಬೇಕು, ಇಲ್ಲದಿದ್ದರೆ ಕಡಲೆಯ ಹಸಿ ವಾಸನೆ ಮಸಾಲೆಯೊಳಗೂ ಮೂಗಿಗೆ ಹೊಡೆಯುತ್ತದೆ. ದಪ್ಪ ಗುಳ್ಳೆ ಫಟ್ ಅಂತ ಒಡೆದು ಕೈಗೆ ಸಿಡಿಯುತ್ತದೆ. ಉದ್ದ ಹಿಡಿಕೆಯ ಮರದ ಸೌಟು ತಗೊಳ್ಳಿ, ತುಂಬು ತೋಳಿನ ಅಂಗಿ ಹಾಕಿಕೊಂಡರೆ ಇನ್ನೂ ಒಳ್ಳೇದು.

ಬೆಂದಿದೆಯೋ ಇಲ್ಲವೋ ನೋಡೋಕೆ ಅವ್ವ ಹೇಳಿಕೊಟ್ಟ ಉಪಾಯ ಒಂದಿದೆ. ಸ್ಟೀಲ್ ತಾಟನ್ನು ಬೋರಲು ಹಾಕಿ ಅದರ ಬೆನ್ನಿಗೆ ಒಂದು ಹನಿ ಬಿಡಬೇಕು, ಕಾಸಿನಗಲ. ಎಣಿಸುತ್ತಾ ಕೂರಬೇಡಿ, ಪಾತ್ರೆ ತಿರುವುತ್ತಾ ಇರಿ. ಹನಿಯ ಹೊಳಪು ಹೋಗಿ ಮೇಲೆ ಮಂಕಾದಾಗ ಅಂಚಿಗೆ ಉಗುರು ಹಾಕಿ ಎತ್ತಬೇಕು. ಬೆಂದಿದ್ದರೆ ಇಡೀ ಬಿಲ್ಲೆ ಒಂದೇ ಸಲ ಏಳುತ್ತದೆ, ತಾಟಿನ ಮೇಲೆ ಗುರುತೂ ಉಳಿಯೋದಿಲ್ಲ. ಬೆಂದಿಲ್ಲದಿದ್ದರೆ ಉಗುರಿನ ಜೊತೆ ಅಂಚು ಮಾತ್ರ ಬಂದು ನಡುವಿನದ್ದು ಹಸಿ ಹಳದಿಯಾಗಿ ಅಲ್ಲೇ ಮೆತ್ತಿಕೊಂಡಿರುತ್ತದೆ. ಹಾಗಿದ್ದರೆ ಇನ್ನೂ ಮೂರು ನಿಮಿಷ ತಿರುವಿ, ಮತ್ತೊಂದು ಹನಿ ಬಿಟ್ಟು ನೋಡಿ.

ಅಚ್ಚಿಗೆ ನಾನು ಬಳಸಿದ್ದು ಹಳೇ ಊಟದ ಡಬ್ಬಿ, ಚೌಕದ್ದು. ಒಳಗೆ ಎಣ್ಣೆ ಸವರಿ, ಬಿಸಿ ಇರುವಾಗಲೇ ಸುರಿದು, ಡಬ್ಬಿಯನ್ನು ಕಟ್ಟೆಗೆ ನಾಲ್ಕು ಸಲ ಕುಟ್ಟಿದೆ. ಒಳಗೆ ಗಾಳಿ ಉಳಿದರೆ ಕತ್ತರಿಸುವಾಗ ತೂತು ಕಾಣುತ್ತವೆ. ಒದ್ದೆ ಕೈಯಿಂದ ಮೇಲೆ ಸವರಿ ಸಮ ಮಾಡಿದೆ. ಆಮೇಲೆ ಹೊರಗೆ ಒಂದು ಗಂಟೆ, ಫ್ರಿಜ್‌ನಲ್ಲಿ ರಾತ್ರಿಯಿಡೀ. ಎರಡು ಗಂಟೆಗೇ ಕತ್ತರಿಸಬಹುದು, ಆದರೆ ಮರುದಿನ ಅದರ ಬಿಗಿಯೇ ಬೇರೆ. ನಮ್ಮೂರಿನ ಏಪ್ರಿಲ್-ಮೇ ಬಿಸಿಲಿನಲ್ಲಿ ಇದನ್ನು ರಾತ್ರಿ ಹೊರಗೆ ಬಿಟ್ಟರೆ ಬೆಳಿಗ್ಗೆ ಹುಳಿ ವಾಸನೆ ಬರುತ್ತದೆ, ಫ್ರಿಜ್ ಇಲ್ಲದಿದ್ದರೆ ಅವತ್ತಿನದು ಅವತ್ತೇ ಮುಗಿಸಿ.

ಹೆಂಚಿನ ಮೇಲೆ

ಡಬ್ಬಿಯಿಂದ ಬೋರಲು ಹಾಕಿದಾಗ ಗಟ್ಟಿ ಒಂದೇ ಇಟ್ಟಿಗೆಯ ಹಾಗೆ ಜಾರಿ ಬಿತ್ತು. ಬೆರಳು ದಪ್ಪಕ್ಕೆ ಹೋಳು ಮಾಡಿ, ಬಟ್ಟೆಯಿಂದ ಒತ್ತಿ ಪಸೆ ತೆಗೆದು, ಎರಡೂ ಬದಿ ಜೋಳದ ಹಿಟ್ಟು ಮುಟ್ಟಿಸಿದೆ. ಅಕ್ಕಿ ಹಿಟ್ಟೂ ಆಗುತ್ತದೆ. ಜೋಳದ ಹಿಟ್ಟು ಯಾವಾಗಲೂ ಕೈಗೆ ಸಿಗುವಲ್ಲೇ ಇರುತ್ತದೆ, ಅದಕ್ಕೆ ಜೋಳ. ಕಬ್ಬಿಣದ ಹೆಂಚು ಚೆನ್ನಾಗಿ ಕಾಯಬೇಕು, ಕುಸುಬಿ ಎಣ್ಣೆ ಸ್ವಲ್ಪ ಧಾರಾಳವಾಗಿರಲಿ. ತುಂಡು ಇಟ್ಟ ಮೇಲೆ ಕೈ ಕಟ್ಟಿಕೊಂಡು ನಿಲ್ಲಿ. ಮೊದಲು ಅಂಟುತ್ತದೆ. ತಳ ಕೆಂಪಾಗಿ ಒಣಗಿದ ಮೇಲೆ ತಾನೇ ಬಿಡುತ್ತದೆ. ನಡುವೆ ಕೆದಕಿದರೆ ಕೆಂಪು ಪದರೆಲ್ಲ ಹೆಂಚಿಗೇ ಉಳಿದು ಬೋಳು ತುಂಡು ಕೈಗೆ ಬರುತ್ತದೆ.

ಪೂರ್ತಿ ಎಣ್ಣೆಯಲ್ಲಿ ಮುಳುಗಿಸಿಯೂ ಕರಿದು ನೋಡಿದೆ. ಹೊರಗೆ ಗರಿ, ಒಳಗೆ ಮೆತ್ತಗೆ, ಬಿಸಿ ಬಿಸಿ ಇರುವಾಗ ಅದರಷ್ಟು ರುಚಿ ಇನ್ನೊಂದಿಲ್ಲ. ಆದರೆ ತುಂಡಿನಲ್ಲಿ ನೀರಿರೋದರಿಂದ ಎಣ್ಣೆ ಸಿಡಿಯುತ್ತದೆ, ಮಸಾಲೆಗೆ ಹಾಕಿದ ಮೇಲೆ ಆ ಗರಿ ಉಳಿಯೋದೂ ಇಲ್ಲ. ಹಾಗಾಗಿ ಹೆಂಚೇ ಸಾಕು.

ಮಸಾಲೆ

ಇಲ್ಲಿ ಹೊಸದಾಗಿ ಏನೂ ಕಂಡುಹಿಡಿಯಬೇಕಿರಲಿಲ್ಲ. ಹೋಟೆಲಿನ ಪನೀರ್ ಗ್ರೇವಿಯಲ್ಲಿ ಕೆನೆ, ಬೆಣ್ಣೆ ಮಾಡುವ ಕೆಲಸವನ್ನು ನಮ್ಮ ಎಣ್ಣೆಗಾಯಿಯಲ್ಲಿ ಶೇಂಗಾ ಮಾಡುತ್ತದೆ. ಗೋಡಂಬಿ ರುಬ್ಬಿ ಹಾಕಿ ಅಂತ ಎಲ್ಲ ಕಡೆ ಹೇಳುತ್ತಾರೆ. ಶೇಂಗಾ ಬೆಳೆಯುವ ಊರಲ್ಲಿ ಕೂತು ಗೋಡಂಬಿಗೆ ಯಾಕೆ ದುಡ್ಡು ಸುರಿಯಬೇಕು?

ಒಂದು ಹಿಡಿ ಶೇಂಗಾ, ಅಂದರೆ 60 ಗ್ರಾಂ ಸುಮಾರು, ಸಿಪ್ಪೆ ಬಿಡುವಂತೆ ಹುರಿಯಿರಿ. ಒಂದು ದೊಡ್ಡ ಚಮಚ ಎಳ್ಳು, ಒಂದು ಸಣ್ಣ ಚಮಚ ಗುರೆಳ್ಳು, ಒಂದು ತುಂಡು ಒಣಕೊಬ್ಬರಿ ಬೇರೆ ಬೇರೆ ಹುರಿಯಿರಿ. ಗುರೆಳ್ಳು ಚಟಪಟ ಅಂದ ತಕ್ಷಣ ಇಳಿಸಬೇಕು, ಕರಕಾದರೆ ಇಡೀ ಪಾತ್ರೆ ಕಹಿ. ಎರಡು ಉಳ್ಳಾಗಡ್ಡಿಯನ್ನು ನೇರ ಗ್ಯಾಸ್ ಉರಿ ಮೇಲೆ ಸುಟ್ಟು, ಏಳೆಂಟು ಎಸಳು ಬಳ್ಳೊಳ್ಳಿ ಸೇರಿಸಿ ಎಲ್ಲವನ್ನೂ ರುಬ್ಬಿ. ಎಣ್ಣೆ ಕಾದ ಮೇಲೆ ಸಾಸಿವೆ, ಕರಿಬೇವು, ರುಬ್ಬಿದ ಮಸಾಲೆ, ಬೇಸಿಗೆಯಲ್ಲಿ ಮಾಡಿಟ್ಟ ಮಸಾಲಿ ಖಾರ ಎರಡು ಚಮಚ. ಎಣ್ಣೆ ಬಿಡುವವರೆಗೆ ಹುರಿದು, ಹುಣಸೆ ರಸ, ಸಣ್ಣ ತುಂಡು ಬೆಲ್ಲ, ಉಪ್ಪು.

ನೀರಿನ ಬದಲು ಕಡಲೆಬೇಳೆ ಬೇಯಿಸಿದ ಕಟ್ಟು ಹಾಕಿದೆ. ಅವತ್ತು ಹೋಳಿಗೆಯೂ ಇತ್ತು, ತುಪ್ಪ ಇಲ್ಲದೇ, ಎಣ್ಣೆಯಲ್ಲಿ ಬೇಯಿಸಿದ್ದು. ಹೂರಣಕ್ಕೆ ಬಸಿದ ಕಟ್ಟು ಹೇಗೂ ಇತ್ತು. ಕಟ್ಟಿನ ಸಾರಿಗೆ ಅಂತ ಅವ್ವ ಎತ್ತಿಟ್ಟಿದ್ದರಲ್ಲಿ ಎರಡು ಲೋಟ ಕದ್ದೆ ಅನ್ನಿ. ಕಡಲೆ ಬೇಯಿಸಿದ ನೀರನ್ನು ಕಡೆದರೆ ಮೊಟ್ಟೆಯ ಬಿಳಿಯಂತೆ ನೊರೆ ಬರುತ್ತದೆ ಅಂತ 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಅನ್ನುವವರು ತೋರಿಸಿಕೊಟ್ಟರು. ಅಲ್ಲಿಂದ ಅದು ವೀಗನ್ ಅಡುಗೆಯಲ್ಲಿ ದೊಡ್ಡ ಹೆಸರು ಮಾಡಿತು. ನಾವು ನೊರೆ ಕಡೆಯಲಿಲ್ಲ, ಆದರೆ ಆ ನೀರನ್ನು ಚೆಲ್ಲಿದವರೂ ಅಲ್ಲ. ಕಟ್ಟು ಹಾಕಿದರೆ ಮಸಾಲೆಗೆ ಮೈ ಬರುತ್ತದೆ, ನೀರು ಬೇರೆ ಎಣ್ಣೆ ಬೇರೆ ಆಗಿ ಒಡೆಯೋದಿಲ್ಲ.

ತುಂಡು ಹಾಕುವ ಹೊತ್ತು ಮುಖ್ಯ. ಮಸಾಲೆ ಕುದಿಯುವಾಗ ಹಾಕಿ ಹತ್ತು ನಿಮಿಷ ಬಿಟ್ಟದ್ದರಲ್ಲಿ ಅಂಚುಗಳೆಲ್ಲ ಉಬ್ಬಿ ಕದಡಿದವು. ಪಿಷ್ಟ ಅಲ್ವಾ, ಬಿಸಿ ನೀರು ಕಂಡರೆ ಮತ್ತೆ ಕುಡಿಯುತ್ತದೆ. ಮಸಾಲೆಯನ್ನು ಪೂರ್ತಿ ಕುದಿಸಿ, ಗ್ಯಾಸ್ ಆರಿಸಿ, ಹೆಂಚಿನಿಂದ ತೆಗೆದ ಬಿಸಿ ತುಂಡುಗಳನ್ನು ಜೋಡಿಸಿ, ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟರೆ ಹೊರಪದರಿಗೆ ಮಸಾಲೆ ಹಿಡಿಯುತ್ತದೆ, ಒಳಗೆ ತುಂಡು ತುಂಡಾಗೇ ಇರುತ್ತದೆ. ತುಂಡಿಗೆ ಕೂಡ ಉಪ್ಪು ಸರಿಯಾಗಿ ಬಿದ್ದಿರಬೇಕು, ಮಸಾಲೆ ಒಳಗಿನವರೆಗೆ ಹೋಗೋದಿಲ್ಲ. ಹುಣಸೆ ಹುಳಿಯಿಂದ ತುಂಡಿಗೆ ಏನೂ ಆಗೋದಿಲ್ಲ.

ತಾಟಿನಲ್ಲಿ

ಊಟಕ್ಕೆ ಕೂರುವ ಮೊದಲು ತಂಗಿಯ ಮಗಳು ಅಡುಗೆಮನೆಗೆ ಬಂದು ಇಂಗಿನ ಡಬ್ಬಿ, ಅಂಗಡಿಯಿಂದ ತಂದ ಟೋಸ್ಟ್ ಪ್ಯಾಕೆಟ್ ಎಲ್ಲ ತಿರುಗಿಸಿ ನೋಡಿದಳು. ಹಸಿರು ಚುಕ್ಕೆ ಇದೆಯಲ್ಲ ಅಂದೆ. "ಮಾಮಾ, ಹಸಿರು ಚುಕ್ಕಿ ಅಂದ್ರ ಶಾಕಾಹಾರಿ ಅಷ್ಟ, ಅದರಾಗ ಹಾಲಿನಪುಡಿ ಇರಬಹುದು" ಅಂದಳು. ಸರಿ ಮಾತು. 2022ರಲ್ಲಿ ವೀಗನ್ ಆಹಾರಕ್ಕೆ ಅಂತಲೇ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಬೇರೆ ನಿಯಮ ತಂದಿದೆ, ಅದರ ಗುರುತು ಹಸಿರು ಬಣ್ಣದ ವಿ ಅಕ್ಷರ. ಅದು ಕಾಣದಿದ್ದರೆ ಸಾಮಾನಿನ ಪಟ್ಟಿ ಓದಬೇಕು. ಟೋಸ್ಟ್‌ನಲ್ಲಿ ಹಾಲಿನ ಅಂಶ ಇತ್ತು, ಅದನ್ನು ನಾವು ಚಹಾದಲ್ಲಿ ಅದ್ದಿಕೊಂಡು ತಿಂದೆವು. ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು ಇತ್ತು. ಹಾಲಿಗೆ ಸಂಬಂಧ ಇಲ್ಲ, ಆದರೆ ಗೋಧಿ ಆಗದವರು ನೋಡಿಕೊಳ್ಳಿ.

ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ನಡುವೆ ಇದು. ಮೈದುನ ಮಾತಾಡದೆ ಎರಡನೇ ಸಲ ಹಾಕಿಸಿಕೊಂಡ. ಅವನು ಮಾತಾಡದಿದ್ದರೆ ಚೆನ್ನಾಗಿದೆ ಅಂತ ಅರ್ಥ. ತಂಗಿಯ ಮಗಳು ಫೋಟೋ ತೆಗೆದಳು, ತಿಂದಳು, "ಒಳಗ ಇನ್ನಾ ಸ್ವಲ್ಪ ಬಿಗಿ ಇದ್ರ ಛಲೋ ಇರ್ತಿತ್ತು" ಅಂದಳು. ಅವ್ವ ಮಾತ್ರ ತುಂಡನ್ನು ರೊಟ್ಟಿಯಲ್ಲಿ ಒತ್ತಿ ಮುರಿದು ನೋಡಿ, "ಛಲೋ ಐತಿ. ಆದ್ರ ಝುಣಕ ಝುಣಕಾನ, ಪನೀರ್ ಅನಬ್ಯಾಡ" ಅಂತ ತೀರ್ಪು ಕೊಟ್ಟಳು. ನನಗೂ ಹಾಗೇ ಅನ್ನಿಸುತ್ತದೆ. ಪನೀರಿನ ಹಾಗೆ ಹಲ್ಲಿಗೆ ಕಿರ್ ಅನ್ನೋದಿಲ್ಲ. ಅದನ್ನು ನಿರೀಕ್ಷಿಸಿ ತಿಂದರೆ ಬೇಸರ ಆಗುತ್ತದೆ. ಕಡಲೆ ತಿಂತಿದೀನಿ ಅಂತ ತಿಂದರೆ ಬಹಳ ರುಚಿ.

ಪ್ರೋಟೀನ್ ಲೆಕ್ಕ ಕೇಳುವವರಿಗೆ. ಕಡಲೆ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್. ಆದರೆ ನಾವು ತೂಕದಲ್ಲಿ ನಾಲ್ಕು ಪಟ್ಟು ನೀರು ಹಾಕಿದ್ದೇವೆ. ತಿರುವುವಾಗ ಆವಿಯಾಗಿ ಹೋದದ್ದು ಬಿಟ್ಟರೆ 200 ಗ್ರಾಂ ಹಿಟ್ಟಿನಿಂದ 900 ಗ್ರಾಂ ಹತ್ತಿರ ಗಟ್ಟಿ ಬರುತ್ತದೆ, ಅಂದರೆ 100 ಗ್ರಾಂ ತುಂಡಿಗೆ 5 ಗ್ರಾಂ ಪ್ರೋಟೀನ್. ಪನೀರಿನಲ್ಲಿ ಇದರ ಮೂರು ಪಟ್ಟಿಗಿಂತ ಜಾಸ್ತಿ ಇರುತ್ತದೆ. 'ಪನೀರಿಗೆ ಸಮ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ತಾಟಿನಲ್ಲಿ ಇದೊಂದೇ ಇರೋದಿಲ್ಲವಲ್ಲ. ಜೋಳದಲ್ಲಿ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಡಿಮೆ, ಕಡಲೆಯಲ್ಲಿ ಅದು ಚೆನ್ನಾಗಿದೆ. ರೊಟ್ಟಿ ಜೊತೆ ಕಡಲೆ, ಶೇಂಗಾ ಸೇರಿದರೆ ಊಟ ಗಟ್ಟಿಯೇ. ವಿಟಮಿನ್ ಬಿ12 ಮಾತ್ರ ಇದರಲ್ಲಿ ಇಲ್ಲ, ಹಾಲು ಪೂರ್ತಿ ಬಿಟ್ಟವರು ಅದಕ್ಕೆ ಮಾತ್ರೆಯ ದಾರಿ ನೋಡಿಕೊಳ್ಳಬೇಕು. ಅವಳು ತಗೊಳ್ತಾಳೆ.

ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ಕಾಲು ಕಿಲೋ ಕೂಡ ಮುಟ್ಟದ ಹಿಟ್ಟಿನಲ್ಲಿ ಐದಾರು ಜನರ ತಾಟು ತುಂಬಿತು.

ಉಳಿದದ್ದು, ಮುಂದಿನದು

ಹುರಿಯದ ಗಟ್ಟಿ ಫ್ರಿಜ್‌ನಲ್ಲಿ ಮುಚ್ಚಳದ ಡಬ್ಬಿಯಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಸೋಯಾ ತೋಫುವಿನ ಹಾಗೆ ನೀರಿನಲ್ಲಿ ಮುಳುಗಿಸಿ ಇಡಬೇಡಿ, ಹೊರಮೈ ಲೊಳೆ ಲೊಳೆ ಆಗುತ್ತದೆ. ಒಂದು ತುಂಡನ್ನು ಫ್ರೀಜರ್‌ನಲ್ಲಿ ಇಟ್ಟು ತೆಗೆದೆ. ನೀರು ಬಿಟ್ಟು, ಒಳಗೆಲ್ಲ ಪುಡಿ ಪುಡಿಯಾಗಿ ಬಂತು. ಹೋಳಾಗಿ ಅದು ಕೆಲಸಕ್ಕೆ ಬಾರದು, ಆದರೆ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸು, ಟೊಮೆಟೊ ಹಾಕಿ ಹುರಿದರೆ ಬುರ್ಜಿ ತಯಾರು. ಮಸಾಲೆಯಲ್ಲೇ ಉಳಿದ ತುಂಡು ರಾತ್ರಿಗೆ ಗ್ರೇವಿಯನ್ನೆಲ್ಲ ಕುಡಿದು ದಪ್ಪಗಾಗಿತ್ತು, ಬಿಸಿನೀರು ಬೆರೆಸಿ ಕಾಯಿಸಿದರೆ ಸರಿಹೋಯಿತು.

ತಂಗಿಯ ಮಗಳು ಹೇಳಿದ ಬಿಗಿ ತರೋಕೆ ಈಗ ಎರಡು ದಾರಿ ತಲೆಯಲ್ಲಿದೆ. ಒಂದು, ನೀರನ್ನು ಒಂದೂಮುಕ್ಕಾಲಿಗೆ ಇಳಿಸಿ, ಒಣ ಆಗದ ಹಾಗೆ ಎಣ್ಣೆ ಒಂದು ಚಮಚ ಏರಿಸೋದು. ಇನ್ನೊಂದು, ಕಲಸಿದ ಹಿಟ್ಟಿಗೆ ಎರಡು ಚಮಚ ಅಗಸಿ ಪುಡಿ ಸೇರಿಸೋದು, ಅದು ನೀರಿನಲ್ಲಿ ಲೋಳೆ ಬಿಟ್ಟು ಹಿಡಿಯುತ್ತದೆ, ಬಣ್ಣ ಸ್ವಲ್ಪ ಕಪ್ಪಾದರೂ ಎಣ್ಣೆಗಾಯಿ ಮಸಾಲೆಯಲ್ಲಿ ಯಾರಿಗೂ ಕಾಣೋದಿಲ್ಲ. ಕಡಲೆಬೇಳೆ ಮತ್ತೆ ಬಿಸಿಲಿಗೆ ಹಾಕಿದ್ದೇನೆ, ಗಿರಣಿಯವರು ಸೋಮವಾರ ಬಾ ಅಂದಿದ್ದಾರೆ.